ತೊಗರಿ ಹೊಲದಿಂದ ಕರೆದ ಡಬ್ಬಿ

ದೆವ್ವ, ಮಾಟ ಎಂದು ಯಾರಾದರೂ ಶುರು ಮಾಡಿದರೆ ನಾನು ಮುಖದ ಮೇಲೇ ನಗುತ್ತಿದ್ದವನು. ಈಗಲೂ ನಗುತ್ತೇನೆ. ಆದರೆ ಇದೊಂದು ಸಂಗತಿ ನೆನಪಾದರೆ ಮಾತ್ರ ನಗು ಬರುವುದಿಲ್ಲ.

ತೊಂಬತ್ತರ ದಶಕ. ಆಳಂದದಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದೆ. ಆಕಾಶದ ತೀರಾ ಮೇಲಿನ ಗಾಳಿಯಲ್ಲಿ ಓಝೋನ್ ಎಷ್ಟಿದೆ, ನೀರಾವಿ ಎಷ್ಟಿದೆ ಎಂದು ಅಳೆಯುವ ಡಬ್ಬಿಯೊಂದನ್ನು ಹೈದರಾಬಾದಿನಿಂದ ದೊಡ್ಡ ಬಲೂನಿಗೆ ಕಟ್ಟಿ ಬಿಟ್ಟಿದ್ದರು. ಅದು ಪ್ಯಾರಾಚೂಟಿನಲ್ಲಿ ನಮ್ಮ ಕಡೆ ಇಳಿದಿತ್ತು. ಡಬ್ಬಿ ಮಾಡಿದ ಎಂಜಿನಿಯರ್ ಮೇಡಂ ಗುಲ್ಬರ್ಗಾದವರೇ. ಬೆಳಿಗ್ಗೆ ಹತ್ತರ ಸುಮಾರಿಗೇ ಹುಡುಕಲು ನನ್ನ ಜೀಪು ಹತ್ತಿದ್ದರು. ಅಳೆದದ್ದೆಲ್ಲ ಡಬ್ಬಿಯೊಳಗಿನ ಟೇಪಿನಲ್ಲಿತ್ತು. ಡಬ್ಬಿ ಸಿಗದಿದ್ದರೆ ಅವರ ಮೂರು ವರ್ಷದ ದುಡಿಮೆ ಮಣ್ಣುಪಾಲು.

ಎಲ್ಲಿ ನೋಡಿದರೂ ಆಳೆತ್ತರದ ತೊಗರಿ. ಕಣ್ಣಿಗೆ ಏನು ಕಾಣಬೇಕು? ದಾರಿ ತೋರಿಸಿದ್ದು ಮೇಡಂ ಕೈಯಲ್ಲಿದ್ದ ರೇಡಿಯೋ. ಡಬ್ಬಿ ಕಳಿಸುವ ‘ಟುಂಯ್ ಟುಂಯ್’ ಸದ್ದು ಅದರಲ್ಲಿ ಕೇಳುತ್ತಿತ್ತು. ಹತ್ತಿರವಾದಷ್ಟೂ ಜೋರು.

“ಓಡಸೋ ತಮ್ಮಾ! ನನ್ನ ಡಬ್ಬಿ ಕರ್ಯಾಕತ್ತದ!” ಮೇಡಂ ಸೀಟಿನಲ್ಲೇ ಕುಣಿದರು. ನನಗೂ ಹುಚ್ಚು ಹತ್ತಿತು. ಸರಸಂಬಾ ಊರಿನ ಹೊಲದ ದಾರಿಯಲ್ಲಿ ಜೀಪು ಹಾರಿಸಿಕೊಂಡೇ ಹೋದೆ.

ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಡಬ್ಬಿಯ ಎದುರಿಗೇ ಹೋಗಿ ನಿಂತೆವು. ಹೊಲದ ಮಾಲೀಕ ಶರಣಪ್ಪ ಕೈಮುಗಿದ.

“ತಪ್ಪಾತ್ರಿ ಅಕ್ಕಾರ. ಮುಂಜಾನಿ ಹತ್ತಕ್ಕ ಬಿತ್ರಿ ಇದು. ಕೆಂಪು ದೀಪ ಮಿಣಕ್ ಮಿಣಕ್ ಅನ್ನಾಕತ್ತಿತ್ತು. ಬಾಂಬ್ ಅದ ಅಂತ ಅಂಜಿ, ಆಗಿಂದಾಗ ವೈರ್ ಕಿತ್ತು ಬ್ಯಾಟರಿ ನೀರಾಗ ಮುಳುಗಿಸೀನ್ರಿ.”

“ಅದೂ ಕುಡಿಯೋ ನೀರಿನ ಕೊಡದಾಗ್ರೀ!” ಹೆಂಡತಿ ಹರಿಹಾಯ್ದಳು. “ಬಾಂಬ್ ಅಂತ ಅಂಜಿದಾವ ಮನಿ ಕೊಡದಾಗ ಹಾಕ್ತಾನೇನ್ರಿ? ಭಾಳ ಶಾಣ್ಯಾ ನನ್ನ ಗಂಡ!”

ನಾನು ಕೊಡಕ್ಕೆ ಕೈಹಾಕಿ ಬ್ಯಾಟರಿ ಎತ್ತಿದೆ. ಸದ್ದು ಕಳಿಸುವ ಯಂತ್ರಕ್ಕೆ ಇದ್ದದ್ದು ಅದೊಂದೇ. ನೀರು ಸುರಿಯುತ್ತಿತ್ತು. ಕಿತ್ತ ವೈರು ಡಬ್ಬಿಯಿಂದ ಜೋತಾಡುತ್ತಿತ್ತು. ಮೇಡಂ ಕೈಯ ರೇಡಿಯೋ ಮಾತ್ರ ಇನ್ನೂ ‘ಟುಂಯ್ ಟುಂಯ್’ ಎನ್ನುತ್ತಲೇ ಇತ್ತು. ನಾಲ್ವರೂ ಕೇಳಿದೆವು.

ಮೇಡಂ ಮೆಲ್ಲಗೆ ಡಬ್ಬಿಯ ಮೇಲೆ ಅಂಗೈ ಇಟ್ಟರು. ಸದ್ದು ನಿಂತಿತು.

ಟೇಪು ನೆಟ್ಟಗಿತ್ತು. ವಾಪಸ್ಸು ಬರುವಾಗ ಮೇಡಂ ಆಡಿದ್ದು ಒಂದೇ ಮಾತು: “ಇದನ್ನ ಬರದ್ರ ನನ್ನ ಓಝೋನ್ ಲೆಕ್ಕಾನೂ ಯಾರೂ ನಂಬಂಗಿಲ್ಲ, ತಮ್ಮಾ.”

ಅವರು ಬರೆಯಲಿಲ್ಲ. ನಾನು ಬರೆದಿದ್ದೇನೆ, ನನಗೇನು ಹೋಗುವುದಿದೆ? ಬೇರೆ ಯಾವುದೋ ಸ್ಟೇಷನ್ನಿನ ಸದ್ದು ಸಿಕ್ಕಿರಬೇಕು ಎನ್ನುತ್ತೀರಿ. ಇರಬಹುದು. ಹಾಗಾದರೆ ಅದು ಮೂರು ತಾಸು ನಮ್ಮನ್ನು ಅದೇ ಹೊಲಕ್ಕೆ ಯಾಕೆ ಕರೆಯಿತು? ಅವರು ಮುಟ್ಟಿದ ಕೂಡಲೇ ಯಾಕೆ ಸುಮ್ಮನಾಯಿತು?