ಹೂಕುಂಡ ಹವಳ ಮತ್ತು ಹೊಗೆಸೊಪ್ಪಿನ ಕೈ

ಹಳೆಯ ಸಾಮಾನು ಕೊಳ್ಳಲು ಹೋಗುವಾಗ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಬಾರದು. ಇದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಒಮ್ಮೆ ಮಾತ್ರ ನಾನೇ ತಪ್ಪಿದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಗೋಣಿಕೊಪ್ಪದ ಆಚೆ ಕಾಫಿ ತೋಟದ ಮನೆಯೊಂದನ್ನು ಖಾಲಿ ಮಾಡುತ್ತಿದ್ದಾರೆ, ಬೀಟೆ ಮರದ ಬೀರು, ಮಂಚ ಸಿಗುತ್ತವೆ ಎಂದು ಸುದ್ದಿ ಬಂತು. ಆಗ ನನಗೆ ಎರಡು ಕಸುಬು. ಹುಣಸೂರಿನ ಹತ್ತಿರ ಗುತ್ತಿಗೆಗೆ ಹಿಡಿದ ಜಮೀನಿನಲ್ಲಿ ಹೊಗೆಸೊಪ್ಪು ಬೆಳೆದು, ಸೊಪ್ಪು ಬೇಯಿಸಿ ಒಣಗಿಸುವ ಮನೆಯಾದ ಬ್ಯಾರನ್ನಿನ ಕಾವಿನಲ್ಲಿ ಹದಮಾಡಿ, ಹರಾಜಿಗೆ ಹಾಕುವುದು ಒಂದು. ಬಿಡುವಿನಲ್ಲಿ ಹಳೆಯ ಸಾಮಾನು ಕೊಂಡು ಮಾರುವುದು ಇನ್ನೊಂದು. ವ್ಯಾಪಾರದಲ್ಲಿ ನನ್ನದೊಂದು ಕ್ರಮವಿದೆ. ಬೇಕಾದ ವಸ್ತುವಿನ ಕಡೆ ತಿರುಗಿಯೂ ನೋಡದೆ ಅದರ ಪಕ್ಕದ್ದನ್ನು ಕೇಳಬೇಕು. ನಾನು ಬೀರುವಿನ ಮೇಲೆ ಆಸೆಯಿಟ್ಟು ಮಂಚದ ಕಾಲು ಅಲ್ಲಾಡಿಸುತ್ತಿದ್ದೆ. ಅಷ್ಟರಲ್ಲಿ ಯಜಮಾನರು ನಕ್ಕು, "ನಿಮ್ಮ ಮನೆಯವರು ಆಗಲೇ ಆರಿಸಿಕೊಂಡಾಯ್ತಲ್ಲ" ಎಂದರು.

ಹಜಾರದ ಮೂಲೆಯಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಅದರ ಮುಂದೆ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಮೀನುಗಳನ್ನು ಯಾರೋ ಒಯ್ದಾಗಿತ್ತು. ಉಳಿದದ್ದು ಉಪ್ಪುನೀರು, ಮರಳು, ಒಂದಿಷ್ಟು ಕಲ್ಲು, ಒಂದು ಜೀವಂತ ಹವಳ. ತೆಂಗಿನಕಾಯಿ ಗಾತ್ರದ ಕಲ್ಲು ಅದು. ಅದರ ಮೈ ತುಂಬಾ ಬೆರಳುದ್ದದ ಮೆತ್ತನೆಯ ಕಾಂಡಗಳು, ಪ್ರತಿಯೊಂದರ ತುದಿಗೂ ಒಂದು ಸಣ್ಣ ಸೇವಂತಿಗೆಯಂಥ ಹೂವು. ಗಾಳಿ ಬೀಸಿದ ಹಾಗೆ ಎಲ್ಲವೂ ಒಂದೇ ಕಡೆಗೆ ಬಾಗಿ ಏಳುತ್ತಿದ್ದವು.

"ಇದಕ್ಕೆ ಫ್ಲವರ್‌ಪಾಟ್ ಅಂತಾರೆ. ಬಂದು ಹದಿನೈದು ದಿನ ಆಯ್ತು" ಎಂದರು ಯಜಮಾನರು. "ಮೊದಲೇ ಹೇಳಿಬಿಡ್ತೇನಮ್ಮ, ಇದು ವರ್ಷ ತುಂಬಿಸೋದಿಲ್ಲ. ಇದಕ್ಕೆ ಮುಂಚೆ ಮೂರು ಸಾಕಿದ್ದೆ, ಮೂರೂ ಹೋದವು. ಯಾರ ಹತ್ತಿರಾನೂ ಉಳಿದಿಲ್ಲ."

"ನೋಡಾನ ಬುಡಿ" ಎಂದಳು ನನ್ನವಳು. ಬೀರು ಬಿಟ್ಟು ತೊಟ್ಟಿ ಕೊಂಡೆ.

ಇಲ್ಲಿ ಒಂದು ಮಾತು. ಹವಳ ಕೊಳ್ಳುವುದಕ್ಕೂ ಮಾರುವುದಕ್ಕೂ ಈಗ ಕಾನೂನು ಅಡ್ಡ ಇದೆ. ಇದು ಆ ಕಟ್ಟಳೆ ಬರುವುದಕ್ಕೆ ಮುಂಚಿನ ಕಥೆ. ಓದಿದವರು ಯಾರೂ ಹುಡುಕಿಕೊಂಡು ಹೊರಡಬೇಡಿ.

ಅವಳಿಗೆ ಆ ಹವಳ ಯಾಕೆ ಅಷ್ಟು ಬೇಕಾಯಿತು ಎನ್ನುವುದನ್ನು ಹೇಳಬೇಕು. ಅವಳು ಮಿರ್ಲೆಯವಳು, ನಾಲೆ ನೀರಿನ ಭತ್ತದ ಗದ್ದೆ ನೋಡಿ ಬೆಳೆದವಳು. ಹೊಗೆಸೊಪ್ಪಿನ ಸೀಮೆಗೆ ಸೊಸೆಯಾಗಿ ಬಂದ ಮೊದಲ ವರ್ಷ ಹಸಿ ಸೊಪ್ಪು ಮುರಿಯಲು ಹೋಗಿ ತಲೆಸುತ್ತಿ, ವಾಂತಿಯಾಗಿ, ಎರಡು ದಿನ ಮಲಗಿದಳು. ಎರಡನೆಯ ವರ್ಷವೂ ಹಾಗೇ ಆಯಿತು. ಆಮೇಲೆ ಅವಳನ್ನು ಸೊಪ್ಪಿನ ಕೆಲಸಕ್ಕೆ ಕರೆಯುವುದನ್ನೇ ಬಿಟ್ಟೆವು. ನಮ್ಮ ಕಡೆ ಮನೆಯ ಹೆಂಗಸು ಸೊಪ್ಪಿಗೆ ಕೈ ಹಾಕುವುದಿಲ್ಲವೆಂದರೆ ಅವಳನ್ನು ಲೆಕ್ಕಕ್ಕೆ ಇಡುವುದಿಲ್ಲ. ಪಕ್ಕದ ಮನೆಯಲ್ಲಿದ್ದ ನಮ್ಮ ಅತ್ತಿಗೆ, ಅಣ್ಣನ ಹೆಂಡತಿ, ತೊಟ್ಟಿ ಬಂದ ದಿನವೇ ಬಾಗಿಲಲ್ಲಿ ನಿಂತು ಅಂದರು: "ಸೊಪ್ಪು ಮುಟ್ಟುದ್ರೆ ತಲೆ ತಿರುಗ್ತದೆ, ಇದನ್ನ ಸಾಕಾಕೆ ತಿರುಗಲ್ವೇನವ್ವ? ಮುಂದ್ಲೊರ್ಸ ಒತ್ಗೆ ಇದ್ರ ತಿಥಿ ಊಟಕ್ಕೆ ಬತ್ತೀನಿ ಬುಡು."

ಇವಳು ನಕ್ಕಳು. ಆದರೆ ವರ್ಷ ತುಂಬಿಸಲೇಬೇಕು ಎಂದು ಆವತ್ತೇ ಗಟ್ಟಿ ಮಾಡಿಕೊಂಡಳೆಂದು ನನಗೆ ಗೊತ್ತಾಯಿತು. ಕೂತು ಹೂವಿನ ಎಸಳು ಎಣಿಸಿದಳು. ಇಪ್ಪತ್ತನಾಲ್ಕು. ಇನ್ನೊಂದು ಹೂವಿನದು ಎಣಿಸಿದಳು, ಅದೂ ಇಪ್ಪತ್ತನಾಲ್ಕೇ. "ಹೂಕುಂಡ" ಎಂದು ಹೆಸರಿಟ್ಟಳು.

ಸಾಕುವ ವಿಧಾನವನ್ನು ಕಾಫಿ ತೋಟದ ಯಜಮಾನರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಉಳಿದದ್ದು ನಮ್ಮ ಬುದ್ಧಿ. ಅದು ಹೂವಲ್ಲ, ಬಾಯಿರುವ ಪ್ರಾಣಿ, ಹೊಟ್ಟೆಗೆ ಬೇಕು. ಬರೀ ಬೆಳಕು ಸಾಕೆಂದು ಬಿಟ್ಟವರೇ ಹೆಚ್ಚು ಕಳೆದುಕೊಂಡದ್ದು. ಒಣ ಸೀಗಡಿಯನ್ನು ಹುರಿಯದೆ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ಆ ಧೂಳನ್ನು ತೊಟ್ಟಿಯದೇ ನೀರಿನಲ್ಲಿ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಹೂಗಳ ಮೇಲೆ ಮೋಡದ ಹಾಗೆ ಬಿಡುತ್ತಿದ್ದಳು. ಆ ಹತ್ತು ನಿಮಿಷ ನೀರು ಓಡಾಡಿಸುವ ಮೋಟಾರು ನಿಲ್ಲಿಸಿರಬೇಕು. ನೀರು ಆವಿಯಾದರೆ ಉಪ್ಪು ಹೋಗುವುದಿಲ್ಲ, ಆದ್ದರಿಂದ ಇಳಿದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು. ನೀರು ಎಲ್ಲಿಯವರೆಗೆ ಇರಬೇಕೋ ಅಲ್ಲಿಗೆ ಗಾಜಿನ ಹೊರಮೈ ಮೇಲೆ ಕುಂಕುಮದಲ್ಲಿ ಗೆರೆ ಎಳೆದಿದ್ದಳು. ಕರೆಂಟು ಹೋದಾಗ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಗಾಳಿ ಬಿಡುವ ಏರ್ಪಾಡು ನನ್ನದು. ಬಿಸಿ ನೋಡುವುದೂ ನನ್ನದೇ. ಬ್ಯಾರನ್ನಿನ ಬಾಗಿಲಲ್ಲಿ ನಿಂತು ಕಾವು ಅಳೆದವನಿಗೆ ನಾಲ್ಕು ಅಡಿ ತೊಟ್ಟಿಯ ಕಾವು ಯಾವ ದೊಡ್ಡದು ಎಂದುಕೊಂಡಿದ್ದೆ.

ಸಮುದ್ರದ ನೀರಿಗೆ ದಾರಿ ಸುಲಭವಾಗಿತ್ತು. ಕಣ್ಣೂರಿನಿಂದ ಮೈಸೂರಿಗೆ ಮೀನು ಒಯ್ಯುವ ಲಾರಿಗಳು ಬೆಳಿಗ್ಗೆ ಹುಣಸೂರಿನಲ್ಲಿ ಟೀಗೆ ನಿಲ್ಲುತ್ತವೆ. ಅದರಲ್ಲೊಬ್ಬ ಮಲಯಾಳಿ ಡ್ರೈವರನನ್ನು ಹಿಡಿದೆ. ಹದಿನೈದು ದಿನಕ್ಕೊಮ್ಮೆ ಎರಡು ಕ್ಯಾನು. ಬಂದರಿನ ಒಳಗಿನ ನೀರು ಬೇಡ, ಅಲ್ಲಿ ಡೀಸೆಲ್ ಇರುತ್ತದೆ, ಆಚೆಯ ದಡದಲ್ಲಿ ತುಂಬಬೇಕು ಎಂದು ಷರತ್ತು. "ಕಡಲು ಒಂದೇ ಅಲ್ವಾ ಮೊದಲಾಳಿ" ಎಂದು ಅವನು ನಗುತ್ತಿದ್ದ; ಮೊದಲಾಳಿ ಎಂದರೆ ಅವರ ಭಾಷೆಯಲ್ಲಿ ಧಣಿ. ಆದರೂ ಆಚೆ ಹೋಗಿಯೇ ತುಂಬುತ್ತಿದ್ದ.

ಮಳೆಗಾಲವೆಲ್ಲ ಹೂಕುಂಡ ಚೆನ್ನಾಗಿತ್ತು. ಆಗ ನಾನು ಮನೆಯಲ್ಲಿ ಇರಲೇ ಇಲ್ಲ. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್ನಿನ ಪಕ್ಕದ ಗುಡಿಸಲೇ ಮನೆ. ಊಟವೂ ಅಲ್ಲಿಗೇ ಬರುತ್ತಿತ್ತು. ದಸರೆ ಕಳೆದ ಮೇಲೆ ಒಣಗಿದ ಸೊಪ್ಪು ಮನೆಗೆ ಬಂತು. ನಡುಮನೆಯಲ್ಲಿ ಒಟ್ಟಿ, ಬಣ್ಣ, ಉದ್ದ, ಮೈ ನೋಡಿ ಎಲೆ ಎಲೆ ಬೇರೆ ಮಾಡುವುದು ಹರಾಜು ಮುಗಿಯುವವರೆಗೂ ನಡೆಯುವ ಕೆಲಸ. ಒಂದು ಎಲೆಯನ್ನು ಬೆರಳ ನಡುವೆ ಉಜ್ಜಿ ನೋಡಿ ಅದರ ದರ್ಜೆ ಹೇಳಬಲ್ಲೆನೆಂದು ಸುತ್ತಿನವರು ನನ್ನನ್ನು ಕರೆಯುತ್ತಿದ್ದರು. ಬಿಡುವಾದಾಗ ಎದ್ದು ಹೋಗಿ ತೊಟ್ಟಿಗೆ ಮೊಣಕೈವರೆಗೆ ಕೈ ಹಾಕುತ್ತಿದ್ದೆ. ಗಾಜಿನ ಪಾಚಿ ಕೆರೆಯುತ್ತಿದ್ದೆ, ಕಲ್ಲು ತಿರುಗಿಸುತ್ತಿದ್ದೆ. ಅವಳು ಇಟ್ಟದ್ದು ನನಗೆ ಸರಿ ಕಾಣುತ್ತಿರಲಿಲ್ಲ.

ಕಾರ್ತಿಕದಲ್ಲಿ ಹೂಕುಂಡ ಅರ್ಧಕ್ಕೆ ಮಾತ್ರ ಅರಳತೊಡಗಿತು. ಆಮೇಲೆ ಅದೂ ಇಲ್ಲ. ಕಾಂಡಗಳೆಲ್ಲ ಒಳಕ್ಕೆ ಎಳೆದುಕೊಂಡು, ಜೇನುಗೂಡಿನ ಹಾಗೆ ತೂತು ತೂತಾದ ಕಲ್ಲು ಮಾತ್ರ. ಒಂದು ಪಕ್ಕದ ಅಂಚಿನಲ್ಲಿ ಮಾಂಸ ಸರಿದು ಬಿಳಿ ಕಂಡಿತು. ಬಿಳಿ ಎಂದರೆ ಸತ್ತ ಜಾಗ. ಅದು ವಾರದಿಂದ ವಾರಕ್ಕೆ ಅಗಲವಾಗುತ್ತಿತ್ತು.

ನಾನು ದೀಪ ಬದಲಿಸಿದೆ. ಸೀಗಡಿ ಹೆಚ್ಚಾಯಿತೆಂದು ಅವಳನ್ನು ಗದರಿದೆ. ಕೊನೆಗೆ ಡ್ರೈವರನನ್ನು ಟೀ ಅಂಗಡಿಯ ಮುಂದೆ ನಿಲ್ಲಿಸಿಕೊಂಡೆ.

"ಬಂದರಿನ ನೀರೇ ತುಂಬ್ಕೊಂಡ್ ಬತ್ತಿದ್ದೀಯ. ನಿಜ ಹೇಳು."

"ಅಲ್ಲ ಮೊದಲಾಳಿ. ಚಪ್ಪಲಿ ಬಿಚ್ಚಿ ಮೊಣಕಾಲು ನೀರಲ್ಲಿ ಹೋಗಿ ತುಂಬೋದು ನಾನು. ಪ್ಯಾಂಟು ನೋಡಿ, ಇನ್ನೂ ಉಪ್ಪು ಇದೆ."

"ಉಪ್ಪು ಬಂದರಲ್ಲೂ ಅದೆ."

ಅವನು ಗ್ಲಾಸು ಕೆಳಗಿಟ್ಟ. "ಹಾಗಾದ್ರೆ ನಿಮಗೆ ಬೇರೆ ಕಡಲು ಸಿಕ್ಕಿದ್ರೆ ತರಿಸಿಕೊಳ್ಳಿ" ಎಂದು ಹೇಳಿ ಲಾರಿ ಹತ್ತಿದ. ಬೆಂಗಳೂರಿನಿಂದ ಉಪ್ಪಿನ ಪುಡಿ ತರಿಸಿ ಕಲಸಿದೆ. ಹೂಕುಂಡಕ್ಕೆ ಅದರಿಂದ ಏನೂ ಆಗಲಿಲ್ಲ.

ಪುಷ್ಯದಲ್ಲಿ ಅಂತರಸಂತೆಯ ರೈತರೊಬ್ಬರು ತಮ್ಮ ಸೊಪ್ಪು ವಿಂಗಡಿಸಿಕೊಡಲು ಕರೆದರು. ಎಂಟು ದಿನ ಅಲ್ಲೇ ಇದ್ದೆ. ಹಿಂತಿರುಗಿ ಬಂದು ನೋಡಿದರೆ ಹೂಕುಂಡದ ಮುಕ್ಕಾಲು ಭಾಗ ಅರಳಿತ್ತು. "ನೋಡ್ದಾ, ನಾನು ತಂದ ಉಪ್ಪು ಈಗ ಕೆಲ್ಸ ಮಾಡ್ತು" ಎಂದೆ. ತೋಳು ಮಡಿಸಿ, ಗಾಜು ಕೆರೆಯಲು ಕೈ ಇಳಿಸಿದೆ. ಮಾರನೆಯ ಬೆಳಿಗ್ಗೆ ಅದು ಮತ್ತೆ ಮುಚ್ಚಿತ್ತು.

ಅವಳು ನುಚ್ಚು ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕಬೇಡಿ."

"ಹೇಳು."

"ನೀವು ಮನೇಲಿಲ್ದಾಗ ಅದು ಅರಳ್ತದೆ ಕಣ್ರೀ."

"ನನ್ನ ಕಂಡ್ರೆ ಆಗಲ್ವಾ ಅದಕ್ಕೆ?"

"ನಿಮ್ಮನ್ನ ಕಂಡ್ರಲ್ಲ. ನಿಮ್ಮ ಕೈ. ಒಂದೂವರೆ ತಿಂಗಳಿಂದ ನೋಡ್ತಾ ಇವ್ನಿ. ನೀವು ಕೈ ಹಾಕಿದ್ ದಿನ ಮುಚ್ಕಂಡ್ರೆ ನಾಕು ದಿನ ಏಳಲ್ಲ. ನಾನು ಹಾಕುದ್ರೆ ಅಂಗಾಗಲ್ಲ, ಗಳಿಗೆ ಒತ್ತಿಗೆ ಅರಳ್ತದೆ."

"ಒಂದೂವರೆ ತಿಂಗಳಿಂದ ಯಾಕೆ ಹೇಳ್ಲಿಲ್ಲ?"

"ಎಂಗೆ ಹೇಳದು? ನೀವು ಎಲ್ರಿಗೂ ಹೇಳೋರು."

ನಾನು ಕೈ ಮೂಗಿನ ಹತ್ತಿರ ತಂದೆ. ಹುಟ್ಟಿದಾಗಿನಿಂದ ಇರುವ ವಾಸನೆ ಯಾರಿಗೂ ಗೊತ್ತಾಗುವುದಿಲ್ಲ. ಸೊಪ್ಪಿನ ಜಿಗುಟು ಬೆರಳ ಸಂದಿನಲ್ಲಿ ಕಂದುಬಣ್ಣವಾಗಿ ಕೂತಿತ್ತು. ಆ ದಿನಗಳಲ್ಲಿ ಮುದ್ದೆ ಮುರಿದು ಬಾಯಿಗಿಟ್ಟರೂ ಕಹಿ. ಅದಕ್ಕೆ ನಾವು ಒಗ್ಗಿಹೋಗಿರುತ್ತೇವೆ. ಅವರೆ ಗಿಡಕ್ಕೆ ಹೇನು ಹತ್ತಿದೆ ಎಂದು ಯಾರು ಬಂದರೂ, ಹೊಗೆಸೊಪ್ಪಿನ ದಂಟನ್ನು ನೀರಿನಲ್ಲಿ ನೆನೆಹಾಕಿ, ಸೋಸಿ, ಸಿಂಪಡಿಸಿದರೆ ಎರಡು ದಿನದಲ್ಲಿ ಒಂದು ಹುಳವೂ ಉಳಿಯುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದವನು ನಾನು. ಅದೇ ಕಷಾಯವನ್ನು ವಾರಕ್ಕೆ ಎರಡು ಬಾರಿ ನಮ್ಮ ತೊಟ್ಟಿಯಲ್ಲಿ ಕದಡುತ್ತಿದ್ದೆ. ಕಾಫಿ ತೋಟದವರ ಮೂರು ಹವಳ ಯಾವುದರಿಂದ ಹೋದವೋ ನನಗೆ ಗೊತ್ತಿಲ್ಲ. ನಮ್ಮದರ ಕಾರಣ ಮಾತ್ರ ಇದು.

ಸೀಮೆಎಣ್ಣೆ, ಸೀಗೆ, ನಿಂಬೆಹಣ್ಣು ಎಲ್ಲದರಲ್ಲೂ ತೊಳೆದು ತೋರಿಸಿದೆ. ಅವಳು ಒಪ್ಪಲಿಲ್ಲ. "ಏನಿದ್ರೂ ಬಾಯಲ್ಲಿ ಹೇಳಿ, ನಾನು ಮಾಡ್ತೀನಿ" ಎಂದಳು. ಚೌಕಾಸಿಗೆ ಜಾಗವೇ ಕೊಡದ ಮಾತು ಅದು. ಡ್ರೈವರನ ಹತ್ತಿರ ಹೋಗಿ ನಿನ್ನ ನೀರು ಚೆನ್ನಾಗಿಯೇ ಇತ್ತು ಎಂದೆ. ಅವನು ಹೂಂಗುಟ್ಟಿ, ಮುಂದಿನ ವಾರ ಎರಡರ ಬದಲು ಮೂರು ಕ್ಯಾನು ಇಳಿಸಿ ಹೋದ.

ಯುಗಾದಿ ಹೊತ್ತಿಗೆ ಬಿಳಿ ಅಂಚು ಹಬ್ಬುವುದು ನಿಂತಿತು. ಹೋದ ಭಾಗ ಬರಲಿಲ್ಲ. ಮೂರರಲ್ಲಿ ಎರಡು ಪಾಲು ಉಳಿದು, ದಿನವೂ ಅರಳುತ್ತಿತ್ತು.

ವರ್ಷ ತುಂಬಲು ಹದಿನೆಂಟು ದಿನ ಇರುವಾಗ ಮಿರ್ಲೆಯಿಂದ ಕರೆ ಬಂತು. ಅವಳ ತಂಗಿಗೆ ಹೆರಿಗೆಯಾಗಿತ್ತು, ಬಾಣಂತನಕ್ಕೆ ಕೈಯಿರಲಿಲ್ಲ. ಹೋಗಲೇಬೇಕು. ಅತ್ತಿಗೆಗೆ ಒಪ್ಪಿಸುವ ಹಾಗಿರಲಿಲ್ಲ, ಅವರದೂ ಸೊಪ್ಪಿನ ಕೈಯೇ. ಅವಳು ಸಿರಿಂಜನ್ನು ಒಂದು ಉದ್ದದ ಕಡ್ಡಿಗೆ ಕಟ್ಟಿ, ಹಿಂದಿನಿಂದ ಇನ್ನೊಂದು ಕಡ್ಡಿಯಲ್ಲಿ ಒತ್ತುವುದನ್ನು ತೋರಿಸಿದಳು. ಸೀಗಡಿ ಧೂಳನ್ನು ದಿನಕ್ಕೊಂದರಂತೆ ಹದಿನೆಂಟು ಪೊಟ್ಟಣ ಕಟ್ಟಿದಳು. "ನೀರಿಗೆ ಬೆರಳೂ ತಾಕಕೂಡ್ದು" ಎಂದು ಬಸ್ಸು ಹತ್ತಿದಳು.

ಅದು ಸಸಿ ನಾಟಿಯ ಕಾಲ. ಆ ಹದಿನೆಂಟು ದಿನ ನಾನು ಸಸಿಗೂ ಕೈ ಹಚ್ಚಲಿಲ್ಲ. ಬದುವಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಂತು ಆಳುಗಳಿಗೆ ಹೇಳಿ ಮಾಡಿಸಿದೆ. "ಯಾಕಣ್ಣ, ಮದ್ವೆ ಗಂಡಾಗ್ಬುಟ್ರಾ?" ಎಂದು ಒಬ್ಬಳು ಕೇಳಿದಳು. ಕೈಗೆ ಗಾಯವಾಗಿದೆ ಎಂದೆ.

ಒಂಬತ್ತನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಹೂಕುಂಡದ ಕಲ್ಲು ಒಂದು ಕಡೆಗೆ ವಾಲಿದೆ. ಬುಡದ ಮರಳು ನೀರಿನ ಓಟಕ್ಕೆ ಕೊರೆದುಹೋಗಿತ್ತು. ಹೂವಿರುವ ಮಗ್ಗುಲೇ ಕೆಳಗಾಗುವ ಹಾಗಿತ್ತು. ಮರಳಿಗೆ ಬಿದ್ದರೆ ಆ ಭಾಗ ಕೊಳೆಯುತ್ತದೆ, ಒಂದು ಕಡೆ ಕೊಳೆತರೆ ಪೂರ್ತಿ ಹೋಗುತ್ತದೆ. ಕೈ ಇಳಿಸಿ ನೆಟ್ಟಗೆ ಮಾಡಲು ಅರ್ಧ ನಿಮಿಷ ಸಾಕು. ತೋಳು ಮಡಿಸಿದೆ ಕೂಡ. ಎಂಟು ದಿನದಿಂದ ಸೊಪ್ಪು ಮುಟ್ಟಿಲ್ಲ, ಏನೂ ಆಗಲಾರದು ಎಂದು ನನಗೆ ನಾನೇ ಒಪ್ಪಿಸುತ್ತಿದ್ದೆ. ಒಪ್ಪಿಸುವುದರಲ್ಲಿ ನಾನು ಗಟ್ಟಿಗ. ಆದ್ದರಿಂದಲೇ ಆ ಮಾತನ್ನು ನಂಬಲಿಲ್ಲ. ಮೋಟಾರಿನ ಬಾಯಿಯನ್ನು ಕೋಲಿನಿಂದ ಬೇರೆ ಕಡೆಗೆ ತಿರುಗಿಸಿದೆ. ಸಂತೆಗೆ ಹೋಗಿ ಎಳೆಯ ಬಿದಿರು ತಂದೆ, ತುದಿಯನ್ನು ಕವಲಾಗಿ ಸೀಳಿಸಿದೆ, ಮೂರು ನೀರಿನಲ್ಲಿ ಕುದಿಸಿದೆ, ಇಕ್ಕುಳದಲ್ಲಿ ಹಿಡಿದು ಇಳಿಸಿದೆ. ಮೂರು ಸಲ ಜಾರಿತು. ನಾಲ್ಕನೆಯ ಸಲ ಕವಲಿಗೆ ಕಲ್ಲು ಕೂತಿತು. ಹೂಗಳು ಮುಚ್ಚಿಕೊಂಡವು. ಸಂಜೆ ದೀಪ ಆರಿಸುವ ಮುಂಚೆ ಮತ್ತೆ ಹೊರಗೆ ಬಂದವು.

ಅವಳು ಬಂದದ್ದು ಹತ್ತೊಂಬತ್ತನೆಯ ದಿನ, ಹೂಕುಂಡಕ್ಕೆ ವರ್ಷ ತುಂಬಿದ ಮಾರನೆಯ ದಿನ. ಕಾಲು ತೊಳೆದು ನೇರ ತೊಟ್ಟಿಯ ಮುಂದೆ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಅರಳಿದ ಹೂಗಳನ್ನು ಒಂದೊಂದಾಗಿ ನೋಡುತ್ತ ಬುಡಕ್ಕೆ ಬಂದಳು.

"ಇದೇನ್ರೀ, ಬಾಳೆ ಗಿಡಕ್ಕೆ ಕೊಟ್ಟಂಗೆ ಕೋಲು ಕೊಟ್ಟಿದ್ದೀರಿ?"

"ವಾಲಿತ್ತು."

"ಕೈಯಲ್ಲಿ?"

"ಇಕ್ಕುಳದಲ್ಲಿ."

ಅವಳು ಬಳೆ ಮೇಲೆ ಸರಿಸಿ ನೀರಿಗೆ ಕೈ ಇಳಿಸಿದಳು. ಬೆರಳಿನಿಂದ ಬಿದಿರನ್ನು ಒತ್ತಿ ನೋಡಿದಳು. ಅದು ಅಲ್ಲಾಡಲಿಲ್ಲ. ಬುಡಕ್ಕೆ ಒಂದಿಷ್ಟು ಮರಳು ಎಳೆದು, ಕೋಲನ್ನು ಹಾಗೇ ಬಿಟ್ಟು ಕೈ ತೆಗೆದಳು.

"ನೀರು ಗೆರೆಯಿಂದ ಇಳಿದದೆ, ಎರಡು ಚೊಂಬು ಸಿಹಿನೀರು ತನ್ನಿ. ಅಲ್ಲೇ ಮಡಗಿ, ನಾನು ಉಯ್ಕತೀನಿ" ಎಂದಳು.