ಸೀಸೆಯ ಮೇಲಿನ ಸಮಯ

ವಾರಿಜಕ್ಕನ ಹೆಸರನ್ನು ಆ ಸಂಶೋಧನಾ ಪ್ರಬಂಧದಿಂದ ಕೈಬಿಟ್ಟರು. ಮರೆತು ಬಿಟ್ಟದ್ದಲ್ಲ; ನಾನು ಎರಡು ಬಾರಿ ಲಿಖಿತವಾಗಿ ನೆನಪಿಸಿದ ಮೇಲೂ ಬಿಟ್ಟರು.

ಆಕೆ ಗಡಿಯಾರವನ್ನು ಮಣಿಕಟ್ಟಿನ ಒಳಮುಖಕ್ಕೆ ಕಟ್ಟುತ್ತಿದ್ದರು, ಸೀಸೆ ಹಿಡಿದ ಕೈಯಲ್ಲೇ ಸಮಯ ಕಾಣಲೆಂದು. ಉಡುಪಿಯ ಕಡೆಯವರು, ಚೆಂಬೂರಿನ ನಮ್ಮ ಪ್ರಯೋಗಾಲಯದಲ್ಲಿ ಸಹಾಯಕಿ. ಉಪಕರಣಗಳ ಹೊಣೆ ನನ್ನದಾಗಿತ್ತು. ಜೋಗೇಶ್ವರಿಯ ಗಾಜಿನ ಮನೆಯಲ್ಲಿ ಬೆಳೆಸಿದ ಭತ್ತದ ಬೇರುಗಳ ಸುತ್ತಲಿನ ನೀರನ್ನು ಕೂದಲೆಳೆಯಂಥ ನಳಿಕೆಯಿಂದ ಹೀರಿ, ಸೀಸೆಗಳಲ್ಲಿ ತುಂಬಿ, ವಡಾಲಾದಲ್ಲಿ ಲೋಕಲ್ ರೈಲು ಬದಲಿಸಿ ತರುವುದು ಆಕೆಯ ಕೆಲಸ. ಬೇರು ಸ್ರವಿಸುವ ಕಿಣ್ವವು ಮಣ್ಣಿನಲ್ಲಿ ಸಿಕ್ಕಿಬಿದ್ದ ಫಾಸ್ಫೇಟನ್ನು ಬಿಡಿಸುತ್ತದೆ. ಬೇರಿನಿಂದ ಎಷ್ಟು ದೂರದಲ್ಲಿ ಹಾಗೆ ಬಿಡಿಸಿದ ಫಾಸ್ಫೇಟಿನ ಸಾಂದ್ರತೆ ಎಷ್ಟು ಎಂಬುದನ್ನು ಗಣಿತದ ಮಾದರಿಯಲ್ಲಿ ಹಿಡಿಯುವುದು ನಮ್ಮ ಯುವ ವಿಜ್ಞಾನಿ ಡಾಕ್ಟರರ ಯೋಜನೆ.

ಪ್ರತಿ ಸೀಸೆಯ ಮೇಲೂ ವಾರಿಜಕ್ಕ ಹೀರಿದ ಸಮಯ, ಅಳೆದ ಸಮಯ ಎರಡನ್ನೂ ಬರೆಯುತ್ತಿದ್ದರು. ಬರೆಯಿರೆಂದು ಯಾರೂ ಹೇಳಿರಲಿಲ್ಲ.

“ಏನಕ್ಕ, ಸ್ಟೇಷನ್ ಮಾಸ್ಟರ್ ಆಗ್ತೀರಾ?” ಎಂದು ಡಾಕ್ಟರರು ನಗುತ್ತಿದ್ದರು.

ಎಂಟು ತಿಂಗಳು ಮಾದರಿಗೂ ಅಳತೆಗೂ ಹೊಂದಾಣಿಕೆಯಾಗಲಿಲ್ಲ. ಒಂದು ಮಧ್ಯಾಹ್ನ ಆಕೆ ಸೀಸೆಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. “ನೋಡಿ ರಾಯರೇ, ಟ್ರೇನ್ ಲೇಟಾದ ದಿನವೆಲ್ಲ ಫಾಸ್ಫೇಟ್ ಜಾಸ್ತಿ. ಇದು ಬೇರಿನ ಲೆಕ್ಕ ಅಲ್ಲ ಮಾರಾಯ್ರೇ, ಲೋಕಲಿನದ್ದು. ಸೀಸೆಯೊಳಗೂ ಕಿಣ್ವ ಉಂಟಲ್ಲ? ದೋಸೆಹಿಟ್ಟು ನಮ್ಮನ್ನು ಕೇಳಿ ಹುಳಿ ಬರ್ತದಾ?”

“ಐಸ್ ಹಾಕಿದ್ದೇವಲ್ಲ ಅಕ್ಕ,” ಎಂದರು ಡಾಕ್ಟರರು.

“ವಡಾಲಾ ಬರುವಾಗ ಅದು ನೀರು. ನೀವು ಕಾರು ಬಿಟ್ಟು ಒಂದು ದಿನ ಆ ಗರ್ದಿಯಲ್ಲಿ ಬನ್ನಿ.”

ಮರುದಿನ ಅರ್ಧದಷ್ಟು ಸೀಸೆಗಳನ್ನು ಜೋಗೇಶ್ವರಿಯಲ್ಲೇ ಕುದಿನೀರಿನಲ್ಲಿ ಅದ್ದಿ, ಕಿಣ್ವದ ಕೆಲಸ ನಿಲ್ಲಿಸಿ ತಂದರು. ಆ ಅಂಕಿಗಳು ಮಾದರಿಯ ರೇಖೆಯ ಮೇಲೆಯೇ ಕುಳಿತವು. ಹಳೆಯ ಅಳತೆಗಳನ್ನೂ ಆಕೆ ಬರೆದಿಟ್ಟ ಸಮಯದ ಆಧಾರದಿಂದಲೇ ತಿದ್ದಲಾಯಿತು. “ಪ್ರಬಂಧದಲ್ಲಿ ನಿಮ್ಮ ಹೆಸರು ಇರುತ್ತೆ ಅಕ್ಕ,” ಎಂದು ಡಾಕ್ಟರರು ಎಲ್ಲರೆದುರು ಹೇಳಿದರು. ಆಕೆ ನಂಬಿದರು.

ಆಕೆಯನ್ನು ಕೊನೆಯ ಸಲ ಕಂಡದ್ದು ಆಸ್ಪತ್ರೆಯಲ್ಲಿ. ಮಣಿಕಟ್ಟಿನಲ್ಲಿ ಗಡಿಯಾರವಿರಲಿಲ್ಲ.

“ಪೇಪರ್ ಬಂತಾ ರಾಯರೇ? ನನ್ನ ಹೆಸರು ಎಷ್ಟನೆಯದು?”

ಪ್ರಬಂಧ ನನ್ನ ಚೀಲದಲ್ಲೇ ಇತ್ತು. ಐವರು ಲೇಖಕರು; ಕೊನೆಯಲ್ಲಿ ಐಸ್ ಪೆಟ್ಟಿಗೆ ಎರವಲು ಕೊಟ್ಟ ವಿಭಾಗಕ್ಕೂ ಕೃತಜ್ಞತೆ.

“ಇನ್ನೂ ಬಂದಿಲ್ಲ,” ಎಂದೆ.

“ಲೇಟಾ? ಇರ್ಲಿ, ಸಮಯ ಬರೆದಿಡಿ,” ಎಂದು ನಕ್ಕರು. ಮುಂದಿನ ವಾರ ತೀರಿಕೊಂಡರು. ಆ ಸುಳ್ಳನ್ನು ನನ್ನ ಬಾಯಿಂದ ಆಡಿಸಿದವರನ್ನು ನಾನು ಕ್ಷಮಿಸಿಲ್ಲ.

ಡಾಕ್ಟರರೇ, ಹೆಸರು ಹಾಕಿಸಿಕೊಂಡ ಉಳಿದ ನಾಲ್ವರೇ, ಆ ಸೀಸೆಗಳ ಮೇಲೆ ವಾರಿಜಕ್ಕ ಬರೆದ ಸಮಯವನ್ನೆಲ್ಲ ಅಳಿಸಿಹಾಕಿದರೆ ನಿಮ್ಮ ಪ್ರಬಂಧದಲ್ಲಿ ಉಳಿಯುವುದೇನು?