ಮುಖ ನೋಡಿ ಅತ್ತದ್ದು

ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನನ್ನ ಮನೆಯಲ್ಲಿ ಈಗ ಒಬ್ಬಳು ಕವಿ ಇದ್ದಾಳೆ. ಇದನ್ನು ದಿನಕ್ಕೊಬ್ಬರಿಗಾದರೂ ಹೇಳದಿದ್ದರೆ ನನಗೆ ಉಂಡದ್ದು ಇಳಿಯುವುದಿಲ್ಲ. ಅವಳು ಮೊಮ್ಮಗನ ಹೆಂಡತಿ ಮಾಯಾ. ಕುಮಟೆಯ ಹೋಟೆಲಿಗೆ ಅಡುಗೆ ಕೆಲಸಕ್ಕೆಂದು ನೇಪಾಳದಿಂದ ಬಂದವಳು, ಹೊನ್ನಾವರದ ನಮ್ಮ ಮನೆ ಸೇರಿದಳು. ಕಾಗದ ಹಿಡಿಯದೆ, ಎದುರಿದ್ದವರ ಮುಖ ನೋಡಿ ಕವಿತೆ ಹೇಳುತ್ತಾಳೆ. ಬೋಟು ಕಡಲಿಗಿಳಿಯದ ದಿನ ಬಲೆ ರಿಪೇರಿಯ ಚಪ್ಪರದಲ್ಲಿ ಒಡಿಶಾದ ಬೋಟಿನವರು, ಭಟ್ಕಳದಿಂದ ಮೀನಿಗೆ ಬರುವವರು, ನಮ್ಮ ಕೇರಿಯ ಹೆಂಗಸರು ಅವಳು ಕರೆದಳೆಂದು ಸೇರಿ ಅವರವರ ಭಾಷೆಯಲ್ಲಿ ಹಾಡು, ಕವಿತೆ ಹೇಳಿಕೊಳ್ಳುತ್ತಾರೆ. ನಾನು ಮುಂದೆ ಕೂತು ತಲೆಯಾಡಿಸುತ್ತೇನೆ. ಅರ್ಥವಾದವರಿಗಿಂತ ನನ್ನದೇ ಜೋರು.

ನನಗೂ ಒಂದು ವಿದ್ಯೆ ಗೊತ್ತು: ಹೇಳಿಕೊಂಡು ಅಳುವುದು. ಸತ್ತವರು ತಿಂದದ್ದು, ಮುನಿದದ್ದು, ನಕ್ಕದ್ದು ಎಲ್ಲವನ್ನೂ ಹೆಣದ ಮುಂದೆ ಹೇಳುತ್ತ ಅಳಬೇಕು. ಕೇರಿಯಲ್ಲಿ ಯಾರು ಹೋದರೂ ನನ್ನನ್ನೇ ಕರೆಯುತ್ತಿದ್ದರು. ನನ್ನ ಮಗ ಮಂಜುನಾಥನಿಗೆ ಮಾತ್ರ ಅಳಲಿಲ್ಲ. ಹದಿನೆಂಟು ವರ್ಷದ ಹಿಂದೆ ಕಡಲಿಗೆ ಹೋದವನ ಹೆಣ ಸಿಗಲಿಲ್ಲ. ಅತ್ತರೆ ನಾನೇ ಕೊಂದಂತೆ ಎಂದು ಬಾಯಿ ಕಟ್ಟಿಕೊಂಡೆ. ಸಾರು ಮಾಡಿದಾಗಲೆಲ್ಲ ಅವನ ಪಾಲಿನ ಮೀನಿನ ತಲೆ ತೆಗೆದಿಡುತ್ತಿದ್ದೆ.

ಹೋದ ತಿಂಗಳು ಒಡಿಶಾದ ಬೋಟಿನವರಲ್ಲೊಬ್ಬ, ಬಿಜಯ, ಜ್ವರದಲ್ಲಿ ತೀರಿಕೊಂಡ. ಹೆಣ ಅವನೂರಿಗೆ ಹೋಯಿತು. ಜೊತೆಯವರು ಚಪ್ಪರದಲ್ಲಿ ಕೂತಿದ್ದರು. ಮಾಯಾಳಿಗೂ ಅಂದು ಕವಿತೆ ಬರಲಿಲ್ಲ.

"ಅಜ್ಜಿ, ನೀವು ಅಳಿ" ಎಂದಳು.

"ಹೆಣ ಇಲ್ದೆ ಎಂತ ನೋಡಿ ಅಳೂದು ಮಗಾ?"

"ನಮ್ಮ ಮುಖ ನೋಡಿ."

ಶುರು ಮಾಡಿದೆ. ನಮ್ಮಲ್ಲಿ ಉಣ್ಣಲು ಬಂದವನು ನಾಚುತ್ತ ಎರಡನೇ ಸಲ ಅನ್ನ ಕೇಳಿದ್ದು ಹೇಳಿದೆ. ಆಮೇಲೆ ಎಡಗಾಲಿನ ಸುಟ್ಟ ಗುರುತು ಹೇಳಿದೆ, ಬಾಡ ಊರಿನ ಹುಡುಗಿಯೇ ಬೇಕೆಂದು ಹಟ ಹಿಡಿದು ಮದುವೆಯಾದದ್ದು ಹೇಳಿದೆ.

"ಬಿಜಯಂಗೆ ಮದ್ವೆಯೇ ಆಗ್ಲಿಲ್ಲ ಅಲ್ದಾ?" ಎಂದು ನೆರೆಮನೆಯ ನಾಗವೇಣಿ ಮೊಣಕೈಯಿಂದ ತಿವಿದಳು.

"ಸುಮ್ನಿರಿ ಅಕ್ಕಾ" ಎಂದಳು ಮಾಯಾ.

ಯಾರಿಗೆ ಅಳುತ್ತಿದ್ದೇನೆಂದು ಆಗ ತಿಳಿಯಿತು. ನಿಲ್ಲಿಸಲಿಲ್ಲ. ನನ್ನ ಒಂದು ಮಾತೂ ತಿಳಿಯದ ಒಡಿಶಾದವರು ನನ್ನ ಮಗನಿಗೂ ಸೇರಿಸಿಯೇ ಅತ್ತರು.

ಮಾಯಾ ಸೆರಗಿನಿಂದ ನನ್ನ ಮುಖ ಒರೆಸಿ, "ಆತಾ ಅಜ್ಜಿ?" ಎಂದಳು.

"ಆತು."

ಈಗ ಮೀನಿನ ತಲೆ ಮಾಯಾಳ ಪಾಲು. ಇಷ್ಟು ಭಾಷೆಯವರನ್ನು ಒಂದೇ ಚಪ್ಪರದಲ್ಲಿ ಕೂರಿಸಿದವಳಿಗೆ ಮುಳ್ಳು ಬಿಡಿಸಿ ತಿನ್ನಲು ಮಾತ್ರ ಬರುವುದಿಲ್ಲ. ಪಕ್ಕದಲ್ಲಿ ಕೂತು ನಾನೇ ಬಿಡಿಸಿ ಕೊಡುತ್ತೇನೆ.